ಪಿತ್ತ ಗದ್ದಕ್ಕಿಳಿದ ಕಥೆ

ಇಮ್ಮಡಿ ಎಂಬ ಬಿರುದು ಬಾದಾಮಿಯ ಪುಲಿಕೇಶಿಗೆ ಒಪ್ಪುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಅಣ್ಣನ ಗದ್ದಕ್ಕೆ ಒಪ್ಪುವುದಿಲ್ಲ. ಇದು ಅಣ್ಣನಿಗೆ ಐವತ್ತಾರು ವರ್ಷ ಹೊಳೆದಿರಲಿಲ್ಲ. ಮಗಳ ನಿಶ್ಚಯದ ಫೋಟೋ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ ರಾತ್ರಿ ಹೊಳೆಯಿತು. ಬೀಗರ ಕೊರಳು ಕಂಬದಂತೆ ನೆಟ್ಟಗಿತ್ತು. ಅಣ್ಣನ ಗದ್ದದ ಕೆಳಗೆ ಮಾತ್ರ ಇನ್ನೊಂದು ಗದ್ದ, ಕರೆಯದೇ ಬಂದ ನೆಂಟನ ಹಾಗೆ, ಹಾಯಾಗಿ ಕುಳಿತಿತ್ತು.

“ರಾತ್ರಿ ಮಿರ್ಚಿ ತಿನ್ನೂದು ಬಿಡ್ರಿ, ತಾನ ಕರಗತೈತಿ” ಎಂದರು ವೈನಿ. ಪುಕ್ಕಟೆ ಸಲಹೆಗೆ ಯಾವ ವ್ಯಾಪಾರಿಯೂ ಬೆಲೆ ಕೊಡುವುದಿಲ್ಲ. ಮರುದಿನವೇ ಅಣ್ಣ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸೌಂದರ್ಯದ ಕ್ಲಿನಿಕ್ಕೊಂದಕ್ಕೆ ಹೊರಟ.

ಅಲ್ಲಿ ಗಾಜಿನ ಬಾಗಿಲು, ಮೆತ್ತನೆಯ ಸೋಫಾ, ಮೆತ್ತನೆಯ ಹಾಡು, ಮೆತ್ತನೆಯ ಹುಡುಗಿ. ಆಕೆ ಅಣ್ಣನ ಕೈಗೆ ಕನ್ನಡಿ ಕೊಟ್ಟು, ಬಿಳಿ ಪೆನ್ಸಿಲಿನಿಂದ ಅವನ ಮುಖದ ಮೇಲೆಲ್ಲ ಗೆರೆ ಎಳೆಯತೊಡಗಿದಳು. ಗದ್ದದ ಕೆಳಗೊಂದು ಚೌಕ, ಹುಬ್ಬಿನ ನಡುವೆ ಮೂರು ಚುಕ್ಕೆ, ಕಣ್ಣ ಕೆಳಗೆ ಎರಡು ಅರ್ಧಚಂದ್ರ. ದರ್ಜಿಯ ಸೀಮೆಸುಣ್ಣದ ಗೆರೆ ನೋಡಿ ಬೆಳೆದ ಅಣ್ಣನಿಗೆ ಕೂಡಲೇ ಅರ್ಥವಾಯಿತು: “ಇಲ್ಲಿ ಕತ್ತರಸೂದು, ಇಲ್ಲಿ ಜೋಡಸೂದು, ಹೌದಿಲ್ಲೋ?”

“ಕಾಂಬೋ ತಗೊಳ್ರಿ ಸರ್. ಎರಡು ಇಂಜೆಕ್ಷನ್ ಆಕಾರಕ್ಕ, ಎರಡು ಹೊಳಪಿಗೆ.”

ಗಿರ್ಮಿಟ್ಟಿನ ಜತೆ ಮಿರ್ಚಿ ಬರುವ ಊರಿನಲ್ಲಿ ಕಾಂಬೋ ಎಂದರೆ ಯಾರೂ ಬೆಚ್ಚುವುದಿಲ್ಲ. ಆದರೆ ಸೂಜಿಯೊಳಗಿನ ಸರಕಿನ ಜಾತಕ ಕೇಳಿ ನಾನು ಬೆಚ್ಚಿದೆ.

ಮೊದಲನೆಯದು ಕೊಬ್ಬು ಕರಗಿಸುವ ಡಿಆಕ್ಸಿಕೋಲಿಕ್ ಆಮ್ಲ. ಇದು ನಮ್ಮ ಪಿತ್ತರಸದಲ್ಲೇ ಇರುವ ವಸ್ತು. ಹೊಟ್ಟೆಯಲ್ಲಿ ಜಿಡ್ಡು ಒಡೆಯುವ ಕೆಲಸದ್ದು. ಅದನ್ನೇ ಚುಚ್ಚಿದರೆ ಕೊಬ್ಬಿನ ಜೀವಕೋಶದ ಪೊರೆ ಒಡೆಯುತ್ತದೆ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2015ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಗದ್ದದ ಕೆಳಗಿನ ಜಾಗಕ್ಕೆ ಮಾತ್ರ. ಒಂದು ಸಲಕ್ಕೆ 50 ಚುಚ್ಚಿನವರೆಗೆ, ತಿಂಗಳಾದರೂ ಬಿಡುವು ಕೊಟ್ಟು 6 ಸಲದವರೆಗೆ. ಅಂದರೆ 300 ಚುಚ್ಚು. ಪಿತ್ತ ನೆತ್ತಿಗೇರಿದವರನ್ನು ನಾವು ಕಂಡಿದ್ದೇವೆ. ದುಡ್ಡು ಕೊಟ್ಟು ಗದ್ದಕ್ಕೆ ಇಳಿಸಿಕೊಳ್ಳುವವರು ಈ ಕಾಲದವರು.

ಎರಡನೆಯದು ಬೊಟಾಕ್ಸ್. 1895ರಲ್ಲಿ ಬೆಲ್ಜಿಯಂನ ಎಲ್ಲೆಜೆಲ್ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಾರಿಸಲು ಬಂದ ಬಾಜಾದವರು ಕೆಟ್ಟ ಹಂದಿಮಾಂಸ ತಿಂದು ಹಾಸಿಗೆ ಹಿಡಿದರು, ಮೂವರು ತೀರಿಕೊಂಡರು. ಅದರ ಬೆನ್ನು ಹತ್ತಿ ವಿಜ್ಞಾನಿ ವಾನ್ ಎರ್ಮೆಂಗೆಮ್ ಹಿಡಿದ ಸೂಕ್ಷ್ಮಾಣುವಿನ ವಿಷವೇ ಇದು. ನರದ ಮಾತು ಸ್ನಾಯುವಿಗೆ ಕೇಳಿಸದಂತೆ ಮಾಡುತ್ತದೆ. 1989ರಲ್ಲಿ ಮೆಳ್ಳಗಣ್ಣಿಗೆ ಮದ್ದಾಯಿತು, 2002ರಲ್ಲಿ ಹುಬ್ಬಿನ ನಡುವಿನ ಗೆರೆಗೆ. ಹೀಗೆ ಸಾವಿನ ಮನೆಯ ಬಾಜಾದವರ ಹೊಟ್ಟೆಯಿಂದ ಹೊರಟ ವಿಷ, ಶತಮಾನ ದಾಟಿ, ಹುಬ್ಬಳ್ಳಿಯ ಮದುವೆ ಮನೆಯ ಯಜಮಾನನ ಹಣೆ ಸೇರಲು ಸಾಲಿನಲ್ಲಿ ನಿಂತಿತ್ತು.

ಮೂರನೆಯದು ಕುಳಿ ತುಂಬುವ ಹಯಲುರಾನಿಕ್ ಆಮ್ಲ. ಮೊದಲೆಲ್ಲ ಇದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ನಾನಿದನ್ನು ಹೇಳಿದ್ದೇ ತಡ, ಮೊಟ್ಟೆಯ ಕೇಕನ್ನೂ ಮುಟ್ಟದ ಅಣ್ಣ ಕುರ್ಚಿಯಿಂದ ಅರ್ಧ ಎದ್ದ. “ಈಗ ಬ್ಯಾಕ್ಟೀರಿಯಾದಿಂದ ಮಾಡ್ತಾರ್ರಿ ಸರ್” ಎಂದು ಹುಡುಗಿ ಸಮಾಧಾನ ಮಾಡಿದಳು. ಬ್ಯಾಕ್ಟೀರಿಯಾ ಸಸ್ಯಾಹಾರವೇ ಎಂದು ಯೋಚಿಸಿ, ಆಗಿರಬಹುದು ಎಂದುಕೊಂಡು ಅಣ್ಣ ಕುಳಿತ.

ನಾಲ್ಕನೆಯದು ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್, ನಮ್ಮ ಎಲುಬು ಹಲ್ಲುಗಳ ಖನಿಜ. ತೆಳು ಮಾಡಿ ಚರ್ಮದಡಿ ಬಿಟ್ಟರೆ ಚರ್ಮ ಕೆರಳಿ ಹೊಸ ಕೊಲಾಜೆನ್ ನೇಯುತ್ತದೆ, ನಯ ಬರುತ್ತದೆ. ನನ್ನ ಲೆಕ್ಕದಲ್ಲಿ ಇದು ಎಲೆ-ಅಡಿಕೆಯ ಸುಣ್ಣದ ದಾಯಾದಿ. ಜಾತ್ರೆಗೆ ಮುಂಚೆ ಹಳೆಯ ಗೋಡೆಗೆ ಬಳಿಯುವ ಕೆಲಸವೇ.

ಇದೆಲ್ಲ ಎಲ್ಲೋ ನೋಡಿದಂತಿದೆಯಲ್ಲ ಎಂದು ಯೋಚಿಸಿದೆ. ಹೊಳೆಯಿತು: ನಮ್ಮೂರ ರಸ್ತೆ! ಒಂದು ಇಲಾಖೆ ಅಗೆಯುತ್ತದೆ, ಇನ್ನೊಂದು ತುಂಬುತ್ತದೆ, ಮೂರನೆಯದು ಮೇಲೆ ನುಣ್ಣಗೆ ಬಳಿಯುತ್ತದೆ. ಅಷ್ಟರಲ್ಲಿ ಮೊದಲನೆಯದಕ್ಕೆ ಪೈಪು ನೆನಪಾಗುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಅವಳಿ ನಗರಕ್ಕೆ ಕಾಂಬೋ ಚಿಕಿತ್ಸೆಯನ್ನು ಯಾರೂ ಕಲಿಸಬೇಕಿಲ್ಲ. ಮುಖಕ್ಕೂ ರಸ್ತೆಗೂ ಗುಟ್ಟು ಒಂದೇ: ಕೆಲಸ ಮುಗಿಯಬಾರದು. ಬೊಟಾಕ್ಸ್ ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಕುಳಿಗೆ ತುಂಬಿದ್ದು ತಿಂಗಳುಗಟ್ಟಲೆ ನಿಂತು ಕರಗುತ್ತದೆ. ಅಷ್ಟು ಹೊತ್ತಿಗೆ ಕನ್ನಡಿ ಮತ್ತೆ ಕೈಗೆ ಬರುತ್ತದೆ. ಅಲ್ಲಿ ಮಾರುತ್ತಿದ್ದದ್ದು ಅಂದವನ್ನಲ್ಲ, ನಿರ್ವಹಣೆಯ ಟೆಂಡರನ್ನು. ಅದೂ ಯಾರೂ ಪೈಪೋಟಿಗೆ ಬಾರದ ಟೆಂಡರು, ಯಾಕೆಂದರೆ ಹೊಂಡ ತೋರಿಸುವವರೂ ತುಂಬುವವರೂ ಒಬ್ಬರೇ.

“ತಪ್ಪಿದ್ರ ಏನಾಕ್ಕೈತಿ?” ಎಂದೆ.

“ಏನೂ ಆಗಂಗಿಲ್ರಿ. ಊಟದ ಬಿಡುವಿನ್ಯಾಗ ಮಾಡಿಸ್ಕೊಂಡು ಹೋಗ್ತಾರ.”

ಆಗುತ್ತದೆ. ಪಿತ್ತದ ಸೂಜಿ ದವಡೆಯ ನರಕ್ಕೆ ತಾಗಿದರೆ ನಗು ಸೊಟ್ಟಗಾಗುತ್ತದೆ. ತುಂಬುವ ಮದ್ದು ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಹಯಲುರಾನಿಕ್ ಆದರೆ ಕರಗಿಸಲು ಹಯಲುರಾನಿಡೇಸ್ ಎಂಬ ಕಿಣ್ವವಿದೆ. ಸುಣ್ಣದ ದಾಯಾದಿಗೆ ಅಂಥ ಮದ್ದಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಳು. ವಯಸ್ಸು 21. ಅದು ಚಾಕುವಿನ ಕೆಲಸ, ಸೂಜಿಯದಲ್ಲ, ನಿಜ. ಆದರೆ ಚಾಕುವಿನ ಹತ್ತಿರ ಹೋಗುವಾಗ ಇರುವ ಹೆದರಿಕೆ ಸೂಜಿಯ ಹತ್ತಿರ ಇರುವುದಿಲ್ಲ.

ಗೋಡೆ ನೋಡಿದೆ. ಮೊದಲು-ನಂತರದ ಫೋಟೋ ಇದ್ದವು, ಲಕ್ಷ್ಮಿ ಇದ್ದಳು, ದೀಪಾವಳಿಯ ರಿಯಾಯಿತಿ ಪಟ್ಟಿ ಇತ್ತು. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಕಣ್ಣಿಗೆ ಬೀಳುವಂತೆ ಇರಬೇಕಾದ ನೋಂದಣಿ ಪತ್ರ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಇಂಗ್ಲಿಷಿನ ಮೂರು ಪುಟದ ಒಪ್ಪಿಗೆ ಪತ್ರ ಬಂತು. ಸೀರೆಯ ಸೆರಗಿನಲ್ಲಿ ಒಂದು ಎಳೆ ತಪ್ಪಿದ್ದರೂ ಹಿಡಿದು ವಾಪಸು ಕಳಿಸುವ ಅಣ್ಣ, ಒಂದಕ್ಷರ ಓದದೆ ಸಹಿ ಜಡಿದ. ಚೌಕಾಸಿ ಮಾತ್ರ ಬಿಡಲಿಲ್ಲ: “ಯವ್ವಾ, ನಾಕೂ ತಗೊಂಡ್ರ ಏನ್ ಬಿಡ್ತೀ?”

ಮರುದಿನ ಬೆಳಿಗ್ಗೆ ಗದ್ದ ಮುಮ್ಮಡಿಯಾಗಿತ್ತು. ಕೊಬ್ಬು ಒಡೆದಾಗ ಬಾವು ಬರುವುದು ಸಹಜವಂತೆ. “ಉಣಕಲ್ ಕೆರಿ ಕಪ್ಪಿ ಮನೀಗೇ ಬಂತು” ಎಂದು ವೈನಿ ಸ್ವಾಗತಿಸಿದರು. ಎರಡು ವಾರ ಅಣ್ಣ ಮಫ್ಲರ್ ಸುತ್ತಿಕೊಂಡು ಗಲ್ಲೆಯ ಮೇಲೆ ಕುಳಿತ. ಬಾವು ಇಳಿದು ಗದ್ದ ಮತ್ತೆ ಇಮ್ಮಡಿಗೆ ಬಂದು ನಿಂತಿತು. ಉಳಿದ ಐದು ಬೈಠಕ್‌ಗೆ ಐದು ತಿಂಗಳು ಬೇಕು; ಮದುವೆಗೆ ಒಂದೂವರೆ ತಿಂಗಳು ಇತ್ತು.

ಬೊಟಾಕ್ಸ್ ಮಾತ್ರ ಹೇಳಿದಂತೆ ಕೆಲಸ ಮಾಡಿತು. ಅಷ್ಟು ವರ್ಷದ ವ್ಯಾಪಾರ ನಡೆದದ್ದು ಆ ಹುಬ್ಬಿನ ಗಂಟಿನ ಮೇಲೆ. ಗಿರಾಕಿ ಅರ್ಧ ಬೆಲೆಗೆ ಕೇಳಿದರೆ ಅಣ್ಣ ಹುಬ್ಬು ಗಂಟಿಕ್ಕುತ್ತಿದ್ದ, ಗಿರಾಕಿ ತಾನೇ ನೂರು ರೂಪಾಯಿ ಏರಿಸುತ್ತಿದ್ದ. ಈಗ ಅಣ್ಣ ಎಷ್ಟೇ ಸಿಟ್ಟಾಗಲಿ, ಹಣೆ ಉಣಕಲ್ ಕೆರೆಯ ನೀರಿನಷ್ಟು ಶಾಂತ. ಗಿರಾಕಿಗಳು ಒಪ್ಪಿಗೆ ಎಂದುಕೊಂಡು ಸೀರೆ ಮಡಿಚಿಕೊಂಡು ಹೋದರು. ಮಗಳನ್ನು ಕಳಿಸಿಕೊಡುವಾಗ ಅಣ್ಣ ಬಿಕ್ಕಿ ಬಿಕ್ಕಿ ಅತ್ತ. ಕಣ್ಣಲ್ಲಿ ನೀರು, ಹಣೆಯಲ್ಲಿ ಏನೂ ಇಲ್ಲ. ಬೀಗರು ಹತ್ತಿರ ಬಂದು, “ಆನಂದಬಾಷ್ಪ!” ಎಂದು ಕೈ ಕುಲುಕಿದರು.

ತಿಂಗಳ ಮೇಲೆ ಆಲ್ಬಮ್ ಬಂತು. ಫೋಟೋಗ್ರಾಫರ್ ಹುಡುಗ ಕಂಪ್ಯೂಟರಿನಲ್ಲಿ ಎಲ್ಲರ ಮುಖವನ್ನೂ ಪುಕ್ಕಟೆ ಒರೆಸಿಕೊಟ್ಟಿದ್ದ. ಅಣ್ಣನಿಗೆ ಗದ್ದ ಒಂದೇ, ಬೀಗರಿಗೂ ಒಂದೇ, ಅಡುಗೆಯವರಿಗೂ ಒಂದೇ. ತಟ್ಟೆಯಲ್ಲಿದ್ದ ಧಾರವಾಡ ಪೇಡೆಯ ಮೈ ಕೂಡ ನುಣುಪು. ಎಂಬತ್ತೆಂಟು ವರ್ಷದ ನಮ್ಮ ಅಜ್ಜಿ ಕನ್ನಡಕ ಏರಿಸಿಕೊಂಡು ಪುಟ ತಿರುವುತ್ತ, ಒಂದು ಮುಖದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

“ಯಾರವಾ ಈಕಿ? ನಮ್ಮ ಬಳಗದಾಕೀನೋ, ಬೀಗರ ಕಡಿಯಾಕೀನೋ?”

ಬೆರಳು ಇದ್ದದ್ದು ಅವಳದೇ ಫೋಟೋದ ಮೇಲೆ.