ಸ್ಟ್ರಿಂಗ್ ಕಲಿಯುವವರ ಪುಸ್ತಕ ಪಜೀತಿ

ಸ್ಟ್ರಿಂಗ್ ಥಿಯರಿ ಕಲಿತೇ ತೀರುತ್ತೇನೆ ಅಂತ ಹೊರಟವರು ಮೊದಲು ಮಾಡುವ ಸಂಶೋಧನೆ ಸ್ಟ್ರಿಂಗ್ ಬಗ್ಗೆ ಅಲ್ಲ, ಪುಸ್ತಕದ ಬಗ್ಗೆ. ನಾಲ್ಕು ಜನರನ್ನು ಕೇಳಿದರೆ ಐದು ಹೆಸರು ಸಿಗುತ್ತವೆ. ಐದನ್ನೂ ತರಿಸಿಕೊಂಡ ಮೇಲೆ ಅರ್ಧ ವಿದ್ಯೆ ಬಂದೇಬಿಟ್ಟಿತು ಎಂಬ ಸಮಾಧಾನ ಬೇರೆ!

ಬ್ರಯಾನ್ ಗ್ರೀನ್ ಅವರ ‘ದಿ ಎಲಿಗಂಟ್ ಯೂನಿವರ್ಸ್’ ಓದಿ ಹುಚ್ಚು ಹತ್ತಿಸಿಕೊಂಡವರು ನೇರ ಭೌತವಿಜ್ಞಾನಿ ಪೋಲ್ಚಿನ್ಸ್ಕಿ ಬರೆದ ಪಠ್ಯಕ್ಕೇ ಕೈ ಹಾಕುತ್ತಾರೆ. 1998ರ ಎರಡು ಸಂಪುಟ. ಕ್ವಾಂಟಮ್ ಫೀಲ್ಡ್ ಥಿಯರಿ, ಸಾಮಾನ್ಯ ಸಾಪೇಕ್ಷತೆ ಎರಡನ್ನೂ ಅರಗಿಸಿಕೊಂಡವರಿಗೆ ಅದು ಮೃಷ್ಟಾನ್ನ. ಉಳಿದವರಿಗೆ ಎರಡನೇ ಅಧ್ಯಾಯದಲ್ಲಿ ಕನ್‌ಫಾರ್ಮಲ್ ಫೀಲ್ಡ್ ಥಿಯರಿ ಎದುರಾದ ಕೂಡಲೇ ಕಟ್ಟದೆ ಉಳಿದ ಕರೆಂಟ್ ಬಿಲ್ ನೆನಪಾಗುತ್ತದೆ.

ಹಿರಿಯರನ್ನು ಕೇಳಿ ನೋಡಿ: ‘ಗ್ರೀನ್, ಶ್ವಾರ್ಟ್ಸ್, ವಿಟೆನ್ ಬಿಟ್ಟರೆ ಇನ್ನೇನಿದೆ?’ ಈ ಗ್ರೀನ್ ಮೈಕೆಲ್, ಆ ಗ್ರೀನ್ ಅಲ್ಲ. ಗ್ರಂಥ ದೊಡ್ಡದೇ, ಆದರೆ 1987ರದ್ದು. ಸ್ಟ್ರಿಂಗ್‌ಗಳ ತುದಿ ಅಂಟಿಕೊಳ್ಳುವ ಡಿ-ಬ್ರೇನ್‌ಗಳ ಮಹತ್ವವನ್ನು ಪೋಲ್ಚಿನ್ಸ್ಕಿ ತೋರಿಸಿದ್ದು 1995ರಲ್ಲಿ. ಅವನ್ನು ಇಲ್ಲಿ ಹುಡುಕುವುದೆಂದರೆ ಹಳೇ ಪಂಚಾಂಗದಲ್ಲಿ ಈ ವರ್ಷದ ಯುಗಾದಿ ಹುಡುಕಿದಂತೆ.

ಎಂಐಟಿಯ ಬಾರ್ಟನ್ ಜ್ವೀಬಾಕ್ 2004ರಲ್ಲಿ ಪದವಿ ವಿದ್ಯಾರ್ಥಿಗಳಿಗೆಂದೇ ‘ಎ ಫಸ್ಟ್ ಕೋರ್ಸ್ ಇನ್ ಸ್ಟ್ರಿಂಗ್ ಥಿಯರಿ’ ಬರೆದುಕೊಟ್ಟರು. ಆದರೆ ‘ಫಸ್ಟ್’ ಅಂತ ಅಚ್ಚಾದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಾಡಲು ನಮ್ಮ ಪಂಡಿತರಿಗೆ ನಾಚಿಕೆ! ಜ್ವೀಬಾಕ್ ಏನು ಕಡಿಮೆಯವರಲ್ಲ ಸ್ವಾಮಿ. ನಮ್ಮ ಬೆಂಗಳೂರಿನ ಐಸಿಟಿಎಸ್‌ನ ಅಶೋಕ್ ಸೇನ್ ಜೊತೆಗೂಡಿ ಸ್ಟ್ರಿಂಗ್ ಫೀಲ್ಡ್ ಥಿಯರಿಯ ಮೇಲೆ ಬರೆದವರು.

ಕಾಸು ಬಿಚ್ಚದವರಿಗೆ ಕೇಂಬ್ರಿಜ್‌ನ ಡೇವಿಡ್ ಟಾಂಗ್ ಅವರ ಟಿಪ್ಪಣಿಗಳಿವೆ, ಪುಕ್ಕಟೆ. ಪುಕ್ಕಟೆ ಸಿಕ್ಕಿದ್ದಕ್ಕೇ ಡೌನ್‌ಲೋಡ್ ಆದಲ್ಲೇ ಮಲಗಿರುತ್ತವೆ.

ಹಾಗಾದರೆ ಯಾವುದು? ನನ್ನದು ಒಂದೇ ಪರೀಕ್ಷೆ. ಬೋಸಾನಿಕ್ ಸ್ಟ್ರಿಂಗ್‌ಗೆ 26 ಆಯಾಮ ಯಾಕೆ ಎಂದು ಹೇಳುವ ಪುಟ ತೆಗೆಯಿರಿ. 1+2+3 ಅಂತ ಮುಗಿಯದೆ ಹೋಗುವ ಮೊತ್ತ ಅಲ್ಲಿ ‘ಮೈನಸ್ ಹನ್ನೆರಡನೇ ಒಂದು’ ಆಗಿ ಕೂತಿರುತ್ತದೆ. ರಾಮಾನುಜನ್ 1913ರಲ್ಲಿ ಹಾರ್ಡಿಗೆ ಬರೆದ ಕಾಗದದಲ್ಲೂ ಇದ್ದ ಮೊತ್ತವೇ. ಅದನ್ನು ಒಪ್ಪಿದರೆ, ಆಯಾಮಗಳಲ್ಲಿ ಎರಡು ಕಳೆದು 24ರಿಂದ ಭಾಗಿಸಿದಾಗ ಒಂದು ಬರಬೇಕು ಎಂಬಲ್ಲಿಗೆ ಲೆಕ್ಕ ಮುಟ್ಟುತ್ತದೆ. 26 ತಾನಾಗಿ ಬೀಳುತ್ತದೆ. ಜ್ವೀಬಾಕ್ ಈ ಮಾತನ್ನು ಜೀಟಾ ಫಂಕ್ಷನ್ ಬಾಯಲ್ಲಿ ಹೇಳಿಸುತ್ತಾರೆ. ಪೋಲ್ಚಿನ್ಸ್ಕಿ ಅನಂತದ ಪಾಲನ್ನು ಬೇರ್ಪಡಿಸಿ ತೆಗೆದು, ಉಳಿದ ಚೂರನ್ನು ಕೈಗಿಡುತ್ತಾರೆ.

ಯಾರ ಪುಟ ಓದುವಾಗ ‘ಇದೇನು ಮೋಸ, ನಾನೇ ನೋಡುತ್ತೇನೆ’ ಅಂತ ಕೈ ಪೆನ್ಸಿಲ್ ಹುಡುಕುತ್ತದೋ ಅದೇ ನಿಮ್ಮ ಪುಸ್ತಕ. ಪೆನ್ಸಿಲ್ ಬಿಟ್ಟು ಆರನೇ ಪುಸ್ತಕದ ಆರ್ಡರ್‌ಗೆ ಕೈ ಹೋಯಿತೋ, ನಿಮಗೆ ಬೇಕಾದವರು ಭೌತಶಾಸ್ತ್ರದ ಮೇಷ್ಟ್ರಲ್ಲ, ಒಳ್ಳೇ ಬಡಗಿ.