ಉದ್ಯೋಗ ಮೇಳ ಮೀಮಾಂಸೆ: ಠಾಣೆ ಪಾಠ

ಉದ್ಯೋಗ ಮೇಳವೆಂದರೆ ಕೆಲಸ ಬೇಕೆನ್ನುವವರೂ ಕೆಲಸ ಇದೆಯೆನ್ನುವವರೂ ಒಂದೇ ಪೆಂಡಾಲಿನಲ್ಲಿ ಎದುರುಬದುರಾಗಿ, ಸಂಜೆಗೆ ಇಬ್ಬರೂ ಬಂದ ಹಾಗೆಯೇ ಹಿಂದಿರುಗುವ ಒಂದು ಹಗಲಾಟ. ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಇದಕ್ಕೆ ‘ರೋಜಗಾರ್ ಮೇಳಾವಾ’ ಎಂದು ಹೆಸರು. ಕರಾವಳಿಯಿಂದ ಹೋಗಿ ಅಲ್ಲಿ ಬಿಡಾರ ಹೂಡಿದ ಕನ್ನಡಿಗನಿಗೆ ‘ಮೇಳ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಚೆಂಡೆಯ ಸದ್ದು ಕೇಳಿಸುತ್ತದೆ. ಶಬ್ದಶಾಸ್ತ್ರದ ದೃಷ್ಟಿಯಿಂದ ಇದನ್ನು ತಪ್ಪೆನ್ನಲಾಗದು. ವೇಷ, ಅರ್ಥಗಾರಿಕೆ, ಮಂಗಳ ಎಲ್ಲವೂ ಎರಡೂ ಕಡೆ ಇವೆ. ಭೇದ ಇಷ್ಟೇ: ಯಕ್ಷಗಾನದ ಮೇಳದಲ್ಲಿ ವೇಷ ಕಟ್ಟಿದವನಿಗೆ ಸಂಬಳವಿದೆ.

‘ಉದ್ಯೋಗ’ ಪದದ ಮೂಲ ಇನ್ನೂ ಗಹನವಾದದ್ದು. ಮಹಾಭಾರತದ ಐದನೆಯ ಪರ್ವಕ್ಕೆ ಉದ್ಯೋಗ ಪರ್ವವೆಂದೇ ಹೆಸರು. ಆದರೆ ಅದರಲ್ಲಿ ಯಾರಿಗೂ ನೌಕರಿ ಸಿಕ್ಕ ಪ್ರಸ್ತಾಪವಿಲ್ಲ. ಇರುವುದು ಸಂಧಾನ. ಪಾಂಡವರ ಬೇಡಿಕೆ ಅರ್ಧ ರಾಜ್ಯದಿಂದ ಐದು ಊರುಗಳಿಗೆ ಇಳಿಯುತ್ತದೆ. ಎದುರು ಪಕ್ಷ ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆನ್ನುತ್ತದೆ. ಮೇಳದ ಸ್ಟಾಲುಗಳಲ್ಲಿ ‘ಎಕ್ಸ್‌ಪೆಕ್ಟೆಡ್ ಸ್ಯಾಲರಿ’ ಎಂಬ ಖಾನೆಯ ಮುಂದೆ ಇಂದಿಗೂ ನಡೆಯುವುದು ಇದೇ ಪ್ರಸಂಗ. ಕೃಷ್ಣನ ಪಾತ್ರವೊಂದನ್ನು ಮಾತ್ರ ಖರ್ಚು ಕಡಿಮೆ ಮಾಡುವ ಸಲುವಾಗಿ ಕೈಬಿಡಲಾಗಿದೆ.

ಚರಿತ್ರೆಯ ಭಾಗವನ್ನು ಬೇಗ ಮುಗಿಸಬಹುದು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಮೂರು ಎಂಜಿನು, 14 ಡಬ್ಬಿ ಮತ್ತು ಸುಮಾರು 400 ಅತಿಥಿಗಳೊಂದಿಗೆ 34 ಕಿಲೋಮೀಟರ್ ದೂರದ ಠಾಣೆಗೆ ಬಂದಿತು. ಎಲ್ಲರಿಗೂ ಕೂರಲು ಜಾಗ ಸಿಕ್ಕಿದ್ದು ಆ ಮಾರ್ಗದಲ್ಲಿ ಅದೇ ಮೊದಲು. ಪ್ರಾಯಶಃ ಅದೇ ಕೊನೆ. ಅಂದು ಜನರನ್ನು ಠಾಣೆಗೆ ತಂದ ರೈಲು ಮುಂದೆ ಪ್ರತಿ ಬೆಳಿಗ್ಗೆ ಅವರನ್ನು ಹೊರಗೆ ಒಯ್ಯುವ ಕಾಯಕವನ್ನು ಹಿಡಿಯಿತು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ 1962ರ ಆಸುಪಾಸಿನ ಕಾಲಕ್ಕೆ ಮೇಳದ ಅಗತ್ಯವಿರಲಿಲ್ಲ. ವಾಗ್ಳೆ ಎಸ್ಟೇಟಿನ ಗೇಟಿನಲ್ಲಿ ಒಂದು ಬೋರ್ಡು, ಬೋರ್ಡಿನ ಕೆಳಗೆ ಒಬ್ಬ ವಾಚ್‌ಮನ್, ವಾಚ್‌ಮನ್ನಿಗೆ ಗೊತ್ತಿರುವ ಒಬ್ಬ ಭಾವ: ನೇಮಕಾತಿಯ ಯಂತ್ರ ಇಷ್ಟರಲ್ಲೇ ಮುಗಿಯುತ್ತಿತ್ತು. ಬಳಿಕ ಕಾರ್ಖಾನೆಗಳ ಜಾಗದಲ್ಲಿ ಫ್ಲ್ಯಾಟುಗಳೂ, ಐರೋಲಿ, ಘನ್ಸೋಲಿ, ಮಹಾಪೆಗಳಲ್ಲಿ ಗಾಜಿನ ಕಟ್ಟಡಗಳೂ ಎದ್ದವು. ಗಾಜಿಗೆ ಬೋರ್ಡು ತೂಗಹಾಕಲು ಮೊಳೆ ಹೊಡೆಯಲಾಗದ್ದರಿಂದ ಮೇಳ ಅನಿವಾರ್ಯವಾಯಿತೆಂಬ ವಾದ ತಳ್ಳಿಹಾಕುವಂಥದ್ದಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರದ ‘ನಮೋ ಮಹಾರೋಜಗಾರ್ ಮೇಳಾವಾ’ ಠಾಣೆಯಲ್ಲಿ ನಡೆದದ್ದು ಮಾಡೆಲಾ ಮಿಲ್ ಕಂಪೌಂಡಿನಲ್ಲಿ. ಒಂದು ಕಾಲಕ್ಕೆ ಗಿರಣಿ ನಡೆಯುತ್ತಿದ್ದ ನೆಲದಲ್ಲೇ ಕೆಲಸ ಹುಡುಕುವ ಪೆಂಡಾಲು ಏಳುವುದನ್ನು ಪುನರ್ಜನ್ಮವೆನ್ನಬೇಕೋ ತಿಥಿಯೆನ್ನಬೇಕೋ ಎಂಬುದನ್ನು ಧರ್ಮಶಾಸ್ತ್ರಜ್ಞರಿಗೆ ಬಿಡುವುದು ಕ್ಷೇಮ.

ಇನ್ನು ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಅಭ್ಯರ್ಥಿಯ ಚೌಕಿ ಡೊಂಬಿವಲಿಯ ಒಂದು ರೂಮು-ಕಿಚನ್. ತಿಳಿನೀಲಿ ಅಂಗಿ, ಅಣ್ಣನ ಬೂಟು, ಅಮ್ಮ ಪದೇಪದೇ ನೆನಪಿಸುವ ಕರ್ಚೀಫು, ಎಲ್ಲಕ್ಕೂ ಮಿಗಿಲಾಗಿ ಪ್ಲಾಸ್ಟಿಕ್ ಫೈಲು. ಫೈಲೇ ಕಿರೀಟ. ಅದರೊಳಗೆ ಹತ್ತನೆಯ ತರಗತಿಯಿಂದ ಮೊದಲ್ಗೊಂಡು ಸಕಲ ಅಂಕಪಟ್ಟಿಗಳು ಮೂರು ಮೂರು ಜೆರಾಕ್ಸ್ ಪ್ರತಿಗಳಾಗಿ ನೆಲೆಸಿರುತ್ತವೆ. ಅವನ್ನು ಯಾರೂ ಬಿಡಿಸಿ ನೋಡುವುದಿಲ್ಲ, ಆದರೆ ತಾರದವನನ್ನು ಮಾತ್ರ ತಪ್ಪದೆ ಕೇಳುತ್ತಾರೆ. ಈಗ ನೋಂದಣಿ ಕ್ಯೂಆರ್ ಕೋಡಿನಿಂದ ಆಗುತ್ತದಾದರೂ, ಮೊಬೈಲಿನಲ್ಲಿ ತುಂಬಿದ್ದನ್ನೇ ಒಳಗೆ ಕಾಗದದ ಮೇಲೆ ಮತ್ತೊಮ್ಮೆ ತುಂಬಿಸುವ ಪದ್ಧತಿ ಉಳಿದುಕೊಂಡಿದೆ. ದ್ವೈತವೂ ಅದ್ವೈತವೂ ಒಂದೇ ಸೂರಿನಡಿ ನೆಮ್ಮದಿಯಾಗಿ ಬಾಳುವ ಅಪರೂಪದ ತಾಣವಿದು.

ಪೂರ್ವರಂಗ ಹತ್ತು ಗಂಟೆಗೆ. ಅಂದರೆ ಅತಿಥಿಗಳು ಬಂದಾಗ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ ವೇಷಗಳು ಕುಣಿಯುವುದು ಎಳೆಯರಿಗೆ ರಂಗಾಭ್ಯಾಸವಾಗಲೆಂದು. ಮೇಳಾವಾದಲ್ಲಿ ಆ ಸ್ಥಾನ ಪ್ರೇರಣಾ ಭಾಷಣಕಾರನದು. ಅವನು ಎಳೆಯನಲ್ಲ ಎನ್ನುವುದಷ್ಟೇ ತೊಡಕು. ‘ಕೆಲಸ ಹುಡುಕುವವರಾಗಬೇಡಿ, ಕೆಲಸ ಕೊಡುವವರಾಗಿ’ ಎಂದು ಅವನು ಕರೆ ಕೊಡುವುದು ಕೆಲಸ ಹುಡುಕಿಕೊಂಡೇ ಬಂದವರ ಸಭೆಗೆ. ಸಭೆ ಚಪ್ಪಾಳೆ ತಟ್ಟುತ್ತದೆ, ಬಳಿಕ ಸರದಿಯಲ್ಲಿ ನಿಲ್ಲುತ್ತದೆ.

ಸ್ಟಾಲಿನ ಮುಂದಿನ ಸಂದರ್ಶನವನ್ನು ತಾಳಮದ್ದಳೆಯೊಂದಿಗೆ ಹೋಲಿಸುವುದೇ ಸರಿ. ಕುಣಿತವಿಲ್ಲ, ಕುಳಿತಲ್ಲೇ ಅರ್ಥ ಹೇಳಬೇಕು, ಎದುರಿನವನ ಸವಾಲಿಗೆ ಆಶುವಾಗಿ ಉತ್ತರಿಸಬೇಕು. ‘ಐದು ವರ್ಷದ ನಂತರ ಎಲ್ಲಿರುತ್ತೀರಿ?’ ಎಂಬುದು ಇಲ್ಲಿನ ಶಾಶ್ವತ ಸವಾಲು. ಪ್ರಾಮಾಣಿಕ ಉತ್ತರ ‘ಇದೇ ಕಲ್ಯಾಣ್ ಫಾಸ್ಟಿನಲ್ಲಿ, ದೇವರು ಕಣ್ಣು ಬಿಟ್ಟರೆ ಕಿಟಕಿಯ ಪಕ್ಕ’ ಎಂದಾದರೂ ಅದನ್ನು ಯಾರೂ ನುಡಿದಂತಿಲ್ಲ. ಹೊಸಬರೇ ಬೇಕು, ಆದರೆ ಎರಡು ವರ್ಷದ ಅನುಭವವಿರಬೇಕು ಎಂಬ ಷರತ್ತನ್ನು ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ: ಕೆಲಸವಿಲ್ಲದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ. ನೈಯಾಯಿಕರಿಗೆ ದೋಷವಾಗಿ ಕಂಡದ್ದು ನೇಮಕಾತಿ ವಿಭಾಗಕ್ಕೆ ಅರ್ಹತೆಯಾಗಿ ಕಂಡಿದೆ.

ಸಂದರ್ಶನದ ಭರತವಾಕ್ಯ ಮರಾಠಿಯಲ್ಲಿರುತ್ತದೆ: ‘ಆಮ್ಹೀ ಕಳವತೋ.’ ತಿಳಿಸುತ್ತೇವೆ ಎಂದರ್ಥ. ಕನ್ನಡದ ಕಿವಿಗೆ ಇದರಲ್ಲಿ ‘ಕಳವು’ ಕೇಳಿಸುವುದು ಕೇವಲ ಧ್ವನಿಸಾಮ್ಯ. ಕಳೆದದ್ದು ಒಂದು ರಜೆ, ಒಂದು ರಿಟರ್ನ್ ಟಿಕೆಟು ಮತ್ತು ಆರು ಜೆರಾಕ್ಸು ಮಾತ್ರ. ವ್ಯಾಕರಣದ ಪ್ರಶ್ನೆ ಬೇರೆ. ಆ ಕ್ರಿಯಾಪದ ರೂಪದಲ್ಲಿ ವರ್ತಮಾನ, ಅರ್ಥದಲ್ಲಿ ಭವಿಷ್ಯತ್, ಅನುಭವದಲ್ಲಿ ನಿಷೇಧ. ಒಂದೇ ಪದ ಮೂರು ಪ್ರಯೋಗಗಳನ್ನು ಹೊರುವ ಇಂಥ ಉದಾಹರಣೆ ಕೇಶಿರಾಜನಿಗೂ ದೊರೆತಿರಲಾರದು.

ಮೇಳಾವಾದ ಒಂದು ಮೂಲೆ ಸ್ವಂತ ಧಂಧೆ ಮಾಡುವವರಿಗೆ ಮೀಸಲು. ಅಲ್ಲಿ 2015ರಲ್ಲಿ ಆರಂಭವಾದ ಮುದ್ರಾ ಸಾಲದ ವಿವರಣೆ ಸಿಗುತ್ತದೆ. 50,000 ರೂಪಾಯಿವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. 2024ರಿಂದ ಹಳೆಯ ಸಾಲ ತೀರಿಸಿದ ತರುಣನಿಗೆ 20 ಲಕ್ಷದವರೆಗೆ ‘ತರುಣ್ ಪ್ಲಸ್’. ಮುಪ್ಪಿಗೆ ಪ್ರತ್ಯೇಕ ವರ್ಗವಿಲ್ಲ. ಕಂತು ಕಟ್ಟಿ ಮುಗಿಸುವಷ್ಟರಲ್ಲಿ ಅದು ತಾನಾಗಿ ಬರುತ್ತದೆ.

ಇಷ್ಟೆಲ್ಲ ವಿವರಿಸಿದ ಮೇಲೂ ಶಾಸ್ತ್ರಕ್ಕೆ ಒಂದು ಮುಜುಗರ ಉಳಿಯುತ್ತದೆ. ಈ ಸೀಮೆಯ ಕನ್ನಡಿಗರ ವೃತ್ತಿಜೀವನಗಳಲ್ಲಿ ಬಹುಪಾಲು ಯಾವ ಮೇಳಾವಾದಲ್ಲೂ ಹುಟ್ಟಿದ್ದಲ್ಲ. ಊರಿನಿಂದ ಬಸ್ಸು ಹತ್ತಿ ಬಂದ ಹುಡುಗ ಉಡುಪಿ ಹೋಟೆಲಿನ ಹಿತ್ತಿಲಲ್ಲಿ ಕಪ್ಪು ಬಸಿ ತೊಳೆಯುವ ಮೋರಿವಾಲಾ ಆಗಿ ಶುರುಮಾಡುತ್ತಿದ್ದ. ಆಮೇಲೆ ಆಫೀಸುಗಳಿಗೆ ಚಹಾ ಒಯ್ಯುವ ಬಾಹರ್‌ವಾಲಾ, ಆಮೇಲೆ ವೇಟರು, ಬರೆಯಲು ಬಂದರೆ ಗಲ್ಲಾ. ಗಲ್ಲಾದಲ್ಲಿ ಕುಳಿತವನಿಗೆ ಲೋಕವೆಲ್ಲ ತಿಳಿಯುತ್ತದೆ; ಒಂದು ದಿನ ಅವನೇ ಒಂದು ಹೋಟೆಲನ್ನು ನಡೆಸಲು ವಹಿಸಿಕೊಂಡು ‘ಸೇಠ್’ ಆಗುತ್ತಾನೆ. ಹಗಲು ಲೋಟ, ರಾತ್ರಿ ಪಾಟಿ: ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬೆಂಚುಗಳಲ್ಲಿ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿ ಬ್ಯಾಂಕು, ಕೋರ್ಟು ಸೇರಿದವರ ಒಂದು ಪೀಳಿಗೆಯೇ ಇದೆ. ಅದನ್ನು ಆಗ ‘ಸ್ಕಿಲ್ ಡೆವಲಪ್‌ಮೆಂಟ್’ ಎನ್ನಲು ಯಾರಿಗೂ ಹೊಳೆಯಲಿಲ್ಲ; ಹಾಗಾಗಿ ಸರ್ಟಿಫಿಕೇಟೂ ಬರಲಿಲ್ಲ. ಸಾಲ ಕೊಡುವವರಿಲ್ಲದಿದ್ದಾಗ ಬಿಲ್ಲವರ ಸಂಘಟನೆಯೊಂದು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿತು. ಪೆಂಡಾಲು ಹಾಕದೆ ಇಷ್ಟೆಲ್ಲ ಹೇಗಾಯಿತೆಂಬುದನ್ನು ಮೇಳಶಾಸ್ತ್ರ ವಿವರಿಸಲಾರದು.

ಈ ಮೇಳರಹಿತ ಪದ್ಧತಿಗೆ ಬಯೋಡಾಟಾ ಒಂದೇ ವಾಕ್ಯ: ‘ನಿಮ್ಮದು ಊರು ಎಲ್ಲಾಯ್ತು?’ ಕಾರ್ಕಳದ ಹತ್ತಿರ ಎಂದರೆ ಕಾರ್ಕಳದಿಂದ ಎಷ್ಟು ದೂರ, ಯಾವ ಮನೆ, ತಾಯಿಯ ಕಡೆ ಎಲ್ಲಿ ಎಂಬ ಮೂರು ಉಪಪ್ರಶ್ನೆಗಳು. ಮೂರನೆಯದರ ಹೊತ್ತಿಗೆ ಸಾಮಾನ್ಯವಾಗಿ ಒಬ್ಬ ದೊಡ್ಡಪ್ಪ ಸಿಕ್ಕಿಯೇ ಸಿಗುತ್ತಾನೆ. ಈ ಪದ್ಧತಿಯ ದೋಷವೂ ಇದೇ. ದೊಡ್ಡಪ್ಪ ಸಿಗದವನಿಗೆ ಇದರಲ್ಲಿ ಜಾಗವಿಲ್ಲ. ಅವನ ಪಾಲಿಗೆ ಸರದಿ, ಪ್ಲಾಸ್ಟಿಕ್ ಫೈಲು ಮತ್ತು ಪೆಂಡಾಲಿನ ಸೆಕೆಯೇ ನ್ಯಾಯವಾದ ದಾರಿ. ಕ್ಯೂಆರ್ ಕೋಡು ಯಾರ ಮನೆತನವನ್ನೂ ವಿಚಾರಿಸುವುದಿಲ್ಲ ಎಂಬುದನ್ನು ಮೇಳಾವಾದ ಪರವಾಗಿ ದಾಖಲಿಸಲೇಬೇಕು.

ಮಂಗಳ ಸಂಜೆ ಐದರ ಸುಮಾರಿಗೆ. ಹಂಚಿದ ಬಟ್ಟೆಚೀಲ ಮುಂದಿನ ಎರಡು ವರ್ಷ ಭಾಜಿ ಮಾರ್ಕೆಟ್ಟಿಗೆ ಒದಗುತ್ತದೆ. ಪೆನ್ನು ಅಲ್ಲೇ ಕೈಕೊಡುತ್ತದೆ. ಠಾಣೆಯಿಂದಲೇ ಹೊರಡುವ ಲೋಕಲ್ ಹಿಡಿದ ಅಭ್ಯರ್ಥಿಗೆ ಕೂರಲು ಜಾಗವೂ ಸಿಗಬಹುದು. ಸ್ಟಾಲು ಮಡಚಿ ಓಡೋಡಿ ಬಂದ ಕಂಪನಿಯ ಹುಡುಗನೂ ಅದೇ ಡಬ್ಬಿಗೆ ಹತ್ತುತ್ತಾನೆ. ಕತ್ತಿನಲ್ಲಿ ಐಡಿ ಕಾರ್ಡು, ಬ್ಯಾಗಿನಲ್ಲಿ ಬೇರೊಂದು ಕಂಪನಿಗೆಂದು ತಯಾರಿಸಿಟ್ಟ ಅವನದೇ ಬಯೋಡಾಟಾ. ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಅಂಚಿನ ಜಾಗ ಕೊಡುವ ‘ಚೌಥೀ ಸೀಟ್’ ಈ ಮಾರ್ಗದ ಅಲಿಖಿತ ಕಾನೂನು. ಅವನು ‘ಜರಾ ಸರ್ಕಾ’ ಎನ್ನುತ್ತಾನೆ. ‘ಕಳವತೋ’ ಎಂದುತ್ತರಿಸಲು ವ್ಯಾಕರಣದ ಅಡ್ಡಿಯೇನಿಲ್ಲ. ಆದರೂ ಮೂವರೂ ಫೈಲುಗಳನ್ನು ಎದೆಗವಚಿಕೊಂಡು ಒಂದೊಂದು ಅಂಗುಲ ಸರಿಯುತ್ತಾರೆ.