ಐದನೇ ತಾರೀಖಿನ ಓನರಿಗೆ ಏಳನೇ ತಾರೀಖಿನ ಬಾಡಿಗೆದಾರನ ಅರಿಕೆ

ತುಮಕೂರು, ಗುಬ್ಬಿ, ಕುಣಿಗಲ್ಲಿನ ಸಮಸ್ತ ಓನರ್ ಸಾರುಗಳಿಗೆ, ಅವರಿಗಿಂತ ಒಂದು ಕೈ ಮೇಲಿರುವ ಓನರಮ್ಮನವರಿಗೆ, ಸಾಷ್ಟಾಂಗ ನಮಸ್ಕಾರಗಳು.

ಮೊದಲು ಅಭಿನಂದನೆ. ಹೇಮಾವತಿ ನೀರನ್ನು ಲಿಂಕ್ ಕೆನಾಲಿನಲ್ಲಿ ಹರಿಸಲೇಬೇಕೆಂದು ಕುಣಿಗಲ್ಲಿನವರು, ಹರಿಸಕೂಡದೆಂದು ಗುಬ್ಬಿಯವರು ಪಟ್ಟು ಹಿಡಿದಿರುವ ಈ ಜಿಲ್ಲೆಯಲ್ಲಿ ನೀವೆಲ್ಲ ಒಮ್ಮತಕ್ಕೆ ಬಂದ ವಿಷಯವೂ ಒಂದಿದೆ: ಐದನೇ ತಾರೀಖು ದಾಟಿದರೆ ದಂಡ. ಕೆಲವರದು ದಿನಲೆಕ್ಕ, ಕೆಲವರದು ಇಡಿಗಂಟು. ಇನ್ನು ಕೆಲವರು ದೊಡ್ಡ ಮನಸ್ಸಿನವರು, ದುಡ್ಡು ಕೇಳುವುದಿಲ್ಲ. ನೀರಿನ ಮೋಟರ್ ಹಾಕುವುದನ್ನು ಮರೆಯುತ್ತಾರೆ, ಅಷ್ಟೆ.

ನಮ್ಮ ಕಷ್ಟವಿರುವುದು ಐದಕ್ಕೂ ಏಳಕ್ಕೂ ನಡುವೆ. ಸಾವಿರಕ್ಕಿಂತ ಕಡಿಮೆ ಆಳುಗಳಿರುವ ಕಡೆ ಹಿಂದಿನ ತಿಂಗಳ ಸಂಬಳ ಕೊಡಲು 1936ರ ವೇತನ ಪಾವತಿ ಕಾಯ್ದೆ ಏಳನೇ ತಾರೀಖಿನವರೆಗೆ ಅವಕಾಶ ಕೊಟ್ಟಿತ್ತು. ಅದಕ್ಕಿಂತ ದೊಡ್ಡ ಕಡೆಗಳಿಗೆ ಹತ್ತರವರೆಗೆ. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ತಿಂಗಳ ಸಂಬಳಕ್ಕೆ ಏಳೇ ಗಡುವು. ವಸಂತನರಸಾಪುರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಏಳಕ್ಕೆ ಸಂಬಳ ಬಿದ್ದರೆ ಕಾನೂನಿನ ಪ್ರಕಾರ ಎಲ್ಲವೂ ಸಕಾಲ. ಅದೇ ಸಂಜೆ ಅವನು ಬಾಡಿಗೆ ತಂದುಕೊಟ್ಟರೆ ನಿಮ್ಮ ಕರಾರಿನ ಪ್ರಕಾರ ಎರಡು ದಿನ ತಡ. ಯಜಮಾನನಿಗೆ ಸರ್ಕಾರ ಕೊಟ್ಟ ವಾಯಿದೆಗೆ ದಂಡ ಕಟ್ಟುವವನು ಆಳು! ಇದನ್ನು ಕಂಡುಹಿಡಿದ ಪುಣ್ಯಾತ್ಮರು ನಿಮ್ಮಲ್ಲಿ ಯಾರೋ, ಅವರಿಗೆ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಹಾರ ಹಾಕಬೇಕು.

ಏಪ್ರಿಲ್ ಮುಗಿಯುವುದರೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಪಾಲಿಕೆ ನಿಮಗೆ ಶೇ 5 ಬಿಡುತ್ತದೆ. ಒಂದನೇ ತಾರೀಖಿಗೇ ಬಾಡಿಗೆ ತಂದವನಿಗೆ ನೀವು ಏನು ಬಿಟ್ಟಿದ್ದೀರಿ? ನಾಯಿಯನ್ನು.

ಅಡ್ವಾನ್ಸ್ ವಾಪಸಿಗೆ ಮಾತ್ರ ಕರಾರಿನಲ್ಲಿ ತಾರೀಖೇ ಇಲ್ಲ. ಮಂಗಳವಾರ, ಶುಕ್ರವಾರ ಮನೆಯ ಲಕ್ಷ್ಮಿ ಹೊಸಿಲು ದಾಟಬಾರದು. ಅಮಾವಾಸ್ಯೆ ಆಗಿಬರುವುದಿಲ್ಲ. ಮಿಕ್ಕ ದಿನ ಸಾರು ಧರ್ಮಸ್ಥಳಕ್ಕೆ ಹೋಗಿರುತ್ತಾರೆ. ಬಂದ ಮೇಲೆ ‘ಹೊಸಬರು ಬರ್ಲಿ ಕಣಪ್ಪ, ಅವರ ಅಡ್ವಾನ್ಸಲ್ಲೇ ಕೊಡ್ತೀನಿ’. ಕೊನೆಗೆ ಬಣ್ಣದ ಖರ್ಚು ಅಂತ ಒಂದು ತಿಂಗಳ ಬಾಡಿಗೆ ಮುರಿದು ಕೈಗಿಡುತ್ತೀರಿ. ಆ ಬಣ್ಣ ಯಾವ ಗೋಡೆಗೆ ಬಿತ್ತೋ ಕಂಡವರಿಲ್ಲ. ನಮ್ಮ ಮನೆಯ ಲಕ್ಷ್ಮಿಗೆ ಇಂಥ ಮಡಿ ಇಲ್ಲ, ಐದನೇ ತಾರೀಖು ಶುಕ್ರವಾರವೇ ಬಂದರೂ ಮೆಟ್ಟಿಲಿಳಿದು ನಿಮ್ಮಲ್ಲಿಗೆ ಬರಬೇಕು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದು ಕೇಂದ್ರದವರು 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಬರೆದರು. ಮಾದರಿ ಎಂದ ಮೇಲೆ ಅದು ಶಾಲೆಯ ವಸ್ತುಪ್ರದರ್ಶನದಲ್ಲಿರುವ ಥರ್ಮಾಕೋಲ್ ಅಣೆಕಟ್ಟಿನ ಹಾಗೆ, ನೀರು ಬಿಡುವಂತಿಲ್ಲ.

ಅವಧಿಯ ಮಾತು ಬಂದರೆ ಕುಣಿಗಲ್ಲಿನ ಕುದುರೆಗಳನ್ನು ಕಂಡು ಹೊಟ್ಟೆಯುರಿಯುತ್ತದೆ. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿನ ಸ್ಟಡ್ ಫಾರಂ 1992ರಲ್ಲಿ ಖಾಸಗಿ ಕಂಪನಿಗೆ 30 ವರ್ಷದ ಗುತ್ತಿಗೆಗೆ ಹೋಯಿತು. ಕುದುರೆಗೆ ಮೂವತ್ತು ವರ್ಷ, ಮನುಷ್ಯನಿಗೆ ಹನ್ನೊಂದು ತಿಂಗಳು! ವರ್ಷ ದಾಟಿದರೆ 1908ರ ಕಾಯ್ದೆಯಂತೆ ನೋಂದಣಿ ಮಾಡಿಸಬೇಕಲ್ಲ, ಆ ಖರ್ಚು ಯಾಕೆ ಅಂತ ನಿಮ್ಮ ಲೆಕ್ಕಾಚಾರ.

ಕೋರ್ಟಿಗೆ ಹೋಗು ಅನ್ನುತ್ತೀರಿ. ಬಾಕಿ ಕೇಳಿ ನೋಟಿಸ್ ಕೊಟ್ಟ ಮೇಲೂ ಎರಡು ತಿಂಗಳು ಸಮಯವಿದೆ ಎನ್ನುತ್ತದೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಖುಷಿಪಡುವಷ್ಟರಲ್ಲಿ ಇನ್ನೊಂದು ಸಾಲು ಎದುರಾಗುತ್ತದೆ: ಊರಿಗೆ ತಕ್ಕಂತೆ 2,000 ಅಥವಾ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. ಆ ದುಡ್ಡಿಗೆ ಎಸ್.ಎಸ್. ಪುರಂನಲ್ಲಿ ಸ್ಕೂಟರ್ ನಿಲ್ಲಿಸಲು ಶೆಡ್ ಸಿಕ್ಕರೆ ಪುಣ್ಯ. ನಮ್ಮ ಕೈ ಹಿಡಿಯುವುದು 1872ರ ಕರಾರು ಕಾಯ್ದೆಯೇ. ಪತ್ರದಲ್ಲಿ ದಂಡ ಎಷ್ಟೇ ಬರೆದಿರಲಿ, ದಕ್ಕುವುದು ಆ ಮೊತ್ತದೊಳಗೆ ನ್ಯಾಯವೆನಿಸುವ ಪರಿಹಾರ ಮಾತ್ರ ಎನ್ನುತ್ತದೆ ಅದರ 74ನೇ ಕಲಮು. ಎರಡು ದಿನದ ತಡಕ್ಕೆ ನಿಮಗಾದ ನಷ್ಟ ಏನೆಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಬಾಡಿಗೆಗೇ ರಸೀದಿ ಕೊಡದವರು ಚೀಟಿ ಕೊಡುತ್ತೀರೆಂಬ ಭ್ರಮೆ ನಮಗಿಲ್ಲ.

ಆದ್ದರಿಂದ ನಮ್ಮ ಅಹವಾಲು ಇಷ್ಟು. ಬಾಡಿಗೆಯ ಗಡುವು ಎಂಟನೇ ತಾರೀಖಾಗಲಿ, ಸಂಬಳದ ಮಾರನೇ ದಿನ. ದಂಡ ಬಿಡಲು ಮನಸ್ಸಾಗದಿದ್ದರೆ ಇರಲಿ, ಅಡ್ವಾನ್ಸ್ ತಡವಾದ ದಿನಗಳಿಗೂ ಅದೇ ದರ. ಒಪ್ಪದಿದ್ದರೆ ನಾವು ಆಷಾಢದಲ್ಲಿ ಮನೆ ಖಾಲಿ ಮಾಡುತ್ತೇವೆ. ಆಷಾಢ ಗೀಷಾಢ ನಾವು ನೋಡುವವರಲ್ಲ. ನಿಮ್ಮ ಮುಂದಿನ ಬಾಡಿಗೆದಾರ ನೋಡುತ್ತಾನೆ.

ಇಂತಿ ನಿಮ್ಮ ವಿಶ್ವಾಸಿ,
ಮೂರನೇ ಮಹಡಿ, ಹಿಂದಿನ ಪೋರ್ಷನ್